ನಾಲ್ಕನೆಯ ಕಾಲಮ್ಮಿನ ಸರಿ ಗುರುತು

ಏಳನೆಯ ದಿನವೂ ಅಜ್ಜಿ ಮಾತಾಡಲಿಲ್ಲ.

ಅಜ್ಜಿ ಎಂದರೆ ಮನೆಯ ಹಿರಿಯಳಲ್ಲ. ಮೂವತ್ತೊಂದು ವರ್ಷಗಳ ಹಿಂದೆ ಸರ್ಕಾರ ಹಾರಿಸಿದ, ಸೂರ್ಯನ ಸುತ್ತ ತನ್ನದೇ ದೊಡ್ಡ ದಾರಿ ಹಿಡಿದು ಒಂಟಿಯಾಗಿ ಸುತ್ತುತ್ತಿದ್ದ ಒಂದು ನೌಕೆ. ಕಾಗದಪತ್ರಗಳಲ್ಲಿ ಅದಕ್ಕೆ ಒಂದು ಅಕ್ಷರ, ಎರಡು ಅಂಕಿಯ ಹೆಸರಿತ್ತು. ಅದರ ಸಂಕೇತ ಹಿಡಿಯುವ ಈ ನಿಲ್ದಾಣದಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಅಜ್ಜಿಯೇ. ದಿನಕ್ಕೊಂದು ಸಲ ಹೊರಗಿನ ಆಂಟೆನಾದ ದೊಡ್ಡ ತಟ್ಟೆ ಅವಳ ಕಡೆ ಮುಖ ಮಾಡಿ ಒಂದು ಗಂಟೆ ಕಿವಿಗೊಡುತ್ತಿತ್ತು. ಈಚಿನ ವಾರಗಳಲ್ಲಿ ಆ ಸರದಿ ಮಧ್ಯಾಹ್ನ ಎರಡರ ಸುಮಾರಿಗೆ ಬೀಳುತ್ತಿತ್ತು. ಬರುತ್ತಿದ್ದುದು ಸಿಳ್ಳಿನಂಥ ಒಂದು ಸಣ್ಣ ಸಂಕೇತ, ಅದರ ಬೆನ್ನೇರಿ ನಾಲ್ಕೈದು ಅಳತೆಗಳು, ಅಷ್ಟೆ. "ಅಜ್ಜಿ ಇವತ್ತು ಕೆಮ್ಮಿದಳಾ?" ಎಂದು ಒಬ್ಬರು ಕೇಳುವುದು, "ಕೆಮ್ಮಿದಳು, ಗಟ್ಟಿಯಾಗಿದ್ದಾಳೆ" ಎಂದು ಇನ್ನೊಬ್ಬರು ಹೇಳುವುದು ಅಲ್ಲಿನ ರೂಢಿ.

ಅವಳ ದನಿಯನ್ನು ಕಳೆದ ಒಂಬತ್ತು ವರ್ಷ ಹಿಡಿದುಕೊಟ್ಟ ಆಪರೇಟರ್ ಈಗ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ವಯಸ್ಸು ಐವತ್ತೇಳು. ಯಾವ ಅಳತೆಯನ್ನೂ ಒಂದೇ ಸಲ ನೋಡಿ ನಂಬಿದವಳಲ್ಲ. "ಇನ್ನೊಮ್ಮೆ ನೋಡಿಬಿಡೋಣ" ಎನ್ನುವುದು ಬಾಯಿಪಾಠವಾಗಿ ಹೋಗಿ, ನಿಲ್ದಾಣದವರು ಆಕೆಗೆ ಇನ್ನೊಮ್ಮೆ ಎಂದೇ ಹೆಸರಿಟ್ಟಿದ್ದರು. ಹಗಲು ಇದೇ ಕಚೇರಿಯಲ್ಲಿ ಟೈಪಿಸ್ಟ್ ಆಗಿ ದುಡಿದು, ಸಂಜೆ ತರಗತಿಗೆ ಹೋಗಿ ಎಲೆಕ್ಟ್ರಾನಿಕ್ಸ್ ಓದಿ, ಬಡ್ತಿ ಪಡೆದು ಈ ಕೋಣೆಗೆ ಬಂದವಳು. ಇಷ್ಟು ವರ್ಷವಾದರೂ ಪದವೀಧರ ಎಂಜಿನಿಯರೊಬ್ಬರು ಕೋಣೆಯೊಳಗೆ ಕಾಲಿಟ್ಟರೆ, ಯಾರದೋ ಕುರ್ಚಿಯಲ್ಲಿ ಕೂತಿದ್ದೇನೆ ಎಂಬಂತೆ ಅರ್ಧ ಎದ್ದುಬಿಡುತ್ತಿದ್ದಳು.

ಈಗ ಕುರ್ಚಿ ನಿಜವಾಗಿಯೂ ಬೇರೆಯವರದಾಗಿತ್ತು. ಹಿಂದಿನ ತಿಂಗಳು ಸರ್ಕಾರ ನಿಲ್ದಾಣವನ್ನು ಒಂದು ಕಂಪನಿಗೆ ವಹಿಸಿತ್ತು. ಎದೆಯೆತ್ತರದ ಹಳೆಯ ರಿಸೀವರನ್ನು ಬಿಚ್ಚಿ ಗುಜರಿಗೆ ಸಾಗಿಸಿ, ಆ ಜಾಗದಲ್ಲಿ ಮೂರು ಪರದೆಗಳನ್ನು ನಿಲ್ಲಿಸಿದ್ದರು. ಕಂಪನಿಯ ಮ್ಯಾನೇಜರ್ ಮೂವತ್ತೈದರೊಳಗಿನವನು. ತೋಳು ಮಡಚಿದ ಅಂಗಿ, ಮೆತ್ತಗಿನ ಮಾತು. ನಿವೃತ್ತಿಗೆ ಉಳಿದಿದ್ದ ಎರಡು ತಿಂಗಳು ಆಕೆಯನ್ನು 'ಹಸ್ತಾಂತರ ವೀಕ್ಷಕಿ' ಎಂದು ಇರಿಸಿಕೊಂಡಿದ್ದರು. ವೀಕ್ಷಿಸಬಹುದಿತ್ತು, ಯಾವುದನ್ನೂ ಮುಟ್ಟುವಂತಿರಲಿಲ್ಲ.

"ಇವತ್ತೂ ಇಲ್ಲ ಮೇಡಂ," ಎಂದ ಮ್ಯಾನೇಜರ್, ಗಂಟೆ ಮುಗಿದ ಮೇಲೆ. "ಇನ್ನು ಮೂರು ಸರದಿ."

ಒಪ್ಪಂದದಲ್ಲಿ ಹಾಗೆ ಬರೆದಿತ್ತು. ನೌಕೆ ಜೀವಂತ ಇರುವ ತನಕ ಕಂಪನಿ ಅದಕ್ಕೆ ದಿನಕ್ಕೊಂದು ಗಂಟೆ ಕೊಡಲೇಬೇಕು. ಸತತ ಹತ್ತು ಸರದಿ ಸಂಕೇತ ಸಿಗದಿದ್ದರೆ ನೌಕೆ ಸತ್ತಿತೆಂದು ಘೋಷಿಸಿ ಆ ಗಂಟೆಯನ್ನು ಬೇರೆ ಗಿರಾಕಿಗಳಿಗೆ ಕೊಡಬಹುದು. ಅನ್ಯಾಯದ ಮಾತೇನಲ್ಲ. ಸತ್ತವರಿಗಾಗಿ ಯಾರು ಎಷ್ಟು ದಿನ ಕಿವಿ ನಿಮಿರಿಸಿ ಕೂರುತ್ತಾರೆ?

ಆದರೆ ಅಜ್ಜಿ ಸತ್ತಿರಲಿಲ್ಲ. ಕಂಪನಿ ಅವಳನ್ನು ಕೇಳುತ್ತಿದ್ದ ಜಾಗ ತಪ್ಪಾಗಿತ್ತು. ಇದು ಗೊತ್ತಿದ್ದ ಜೀವ ಭೂಮಿಯ ಮೇಲೆ ಒಂದೇ. ಅದು ಗೋಡೆಯ ಪಕ್ಕದ ಕುರ್ಚಿಯಲ್ಲಿ, ಮಡಿಲ ಮೇಲೆ ಕೈಯಿಟ್ಟು, ತುಟಿ ಬಿಗಿದು ಕೂತಿತ್ತು.

ನಡೆದದ್ದು ಇಷ್ಟು. ಪ್ರತಿ ನೌಕೆಯೂ ಒಂದು ನಿರ್ದಿಷ್ಟ ಕಂಪನಸಂಖ್ಯೆಯಲ್ಲಿ ಸಂಕೇತ ಕಳಿಸುತ್ತದೆ. ಅದನ್ನು ಹಿಡಿದಿಡುವುದು ಅದರೊಳಗಿನ ಒಂದು ಹರಳು. ಮೊದಲ ಇಪ್ಪತ್ತೆರಡು ವರ್ಷ ಅಜ್ಜಿಯ ಹರಳು ಕದಲಲೇ ಇಲ್ಲ. ಆಮೇಲೆ, ವಯಸ್ಸಾದವರ ದನಿ ತಗ್ಗುವ ಹಾಗೆ, ಅವಳ ದನಿ ತಗ್ಗತೊಡಗಿತು. ದಿನಕ್ಕೆ ಒಂದು ಹರ್ಟ್ಸ್, ಕೆಲವು ದಿನ ಎರಡು. ಅದನ್ನು ಮೊದಲು ಗಮನಿಸಿದವಳು ಆಕೆಯೇ. ಮೂರು ಸಲ ಅಳೆದು ನೋಡಿ, ನಾಲ್ಕನೆಯ ಸಲವೂ ನೋಡಿ, ಒಂದು ಪುಟದ ಟಿಪ್ಪಣಿ ಬರೆದು ಕೇಂದ್ರ ಕಚೇರಿಗೆ ಕಳಿಸಿದಳು. ಎರಡು ತಿಂಗಳ ಮೇಲೆ ಉತ್ತರ ಬಂತು: ಪರಿಷ್ಕರಣ ಸಮಿತಿಯ ಒಪ್ಪಿಗೆ ದೊರೆಯುವವರೆಗೆ ಈಗಿನ ವಿಧಾನವನ್ನೇ ಅನುಸರಿಸತಕ್ಕದ್ದು.

ಆ ವಿಧಾನ ಅನುಸರಿಸಿದ್ದರೆ ಅಜ್ಜಿ ಆ ವರ್ಷವೇ ಕೈತಪ್ಪಿ ಹೋಗುತ್ತಿದ್ದಳು. ಆಕೆ ರಿಸೀವರಿನ ಒಂದು ಸಣ್ಣ ನಾಬನ್ನು ಕೂದಲೆಳೆಯಷ್ಟು ತಿರುಗಿಸಿದಳು. ಸಂಕೇತ ಸಿಕ್ಕಿತು. ದಿನದ ನಮೂನೆ ತುಂಬುವಾಗ ಮಾತ್ರ ಕಷ್ಟವಾಯಿತು. ನಮೂನೆಯ ನಾಲ್ಕನೆಯ ಕಾಲಮ್ಮಿನಲ್ಲಿ ಕಂಪನಸಂಖ್ಯೆ ಅಚ್ಚಾಗಿಯೇ ಬರುತ್ತಿತ್ತು; ಆಪರೇಟರ್ ಅದರ ಪಕ್ಕ ಸರಿ ಗುರುತು ಹಾಕಬೇಕು, ಅಷ್ಟೆ. ಆಕೆ ಅಚ್ಚಾದ ಸಂಖ್ಯೆಯನ್ನು ಹೊಡೆದು, ನಿಜವಾದದ್ದನ್ನು ಬರೆದು ಕಳಿಸಿದಳು. ವಾರದೊಳಗೆ ನಮೂನೆ ಹಿಂದಕ್ಕೆ ಬಂತು. ಅಂಚಿನಲ್ಲಿ ಕೆಂಪು ಶಾಯಿ: ಚಿತ್ತು ಇರುವ ನಮೂನೆಗಳನ್ನು ಸ್ವೀಕರಿಸಲಾಗುವುದಿಲ್ಲ.

ಸಮಿತಿಯ ಒಪ್ಪಿಗೆ ಬರುವ ತನಕ ತಾನೆ, ಎಂದುಕೊಂಡು ಆಕೆ ಹೊಸ ನಮೂನೆಯಲ್ಲಿ ಸರಿ ಗುರುತು ಹಾಕಿದಳು. ಒಪ್ಪಿಗೆ ಬರಲಿಲ್ಲ. ನಾಲ್ಕು ಜ್ಞಾಪನಾಪತ್ರ ಬರೆದಳು. ಸಮಿತಿಯ ಅವಧಿ ಮುಗಿಯಿತು, ಹೊಸ ಸಮಿತಿ ರಚನೆಯಾಗಲಿಲ್ಲ. ನಾಬಿನ ಕೆಳಗೆ ಗಾಯಕ್ಕೆ ಅಂಟಿಸುವ ಪಟ್ಟಿಯ ತುಂಡೊಂದನ್ನು ಅಂಟಿಸಿ, ಅದರ ಮೇಲೆ ಪೆನ್ಸಿಲಿನಲ್ಲಿ ಆಯಾ ವಾರದ ಗೆರೆ ಎಳೆದುಕೊಳ್ಳುತ್ತಿದ್ದಳು; ಸೋಮವಾರ ಅಳಿಸಿ ಹೊಸದು. ತನಗೆ ಜ್ವರ ಬಂದು ಮಲಗಿದ ದಿನ ಬದಲಿ ಆಪರೇಟರ್ 'ಕೇಳಿಸಲಿಲ್ಲ' ಎಂದು ಬರೆದುಬಿಡುತ್ತಿದ್ದ, ಯಾರೂ ಏಕೆಂದು ಕೇಳುತ್ತಿರಲಿಲ್ಲ. ಹೀಗಾಗಿ ಆಕೆ ರಜೆ ಹಾಕುವುದನ್ನೇ ಬಿಟ್ಟಳು. ಒಂಬತ್ತು ವರ್ಷ, ದಿನಕ್ಕೊಂದು ಸರಿ ಗುರುತು, ದಿನಕ್ಕೊಂದು ಸುಳ್ಳು.

ಕಂಪನಿ ಕೈಗೆ ಬಂದ ಕಾಗದವನ್ನು ನಂಬಿತ್ತು. ಅಚ್ಚಾದ ಸಂಖ್ಯೆಯ ಆಚೀಚೆ ಐನೂರು ಹರ್ಟ್ಸ್ ಹುಡುಕುತ್ತಿತ್ತು. ಅಜ್ಜಿ ಇದ್ದದ್ದು ಅದಕ್ಕಿಂತ ನಾಲ್ಕು ಸಾವಿರದಷ್ಟು ಕೆಳಗೆ.

ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಮೊದಲ ದಿನವೇ ಹೇಳಬೇಕೆಂದು ಆಕೆ ಬಾಯಿ ತೆರೆದದ್ದೂ ಉಂಟು. ಆದರೆ ಅಷ್ಟರಲ್ಲಿ ಊಟದ ಮನೆಯ ಗೋಡೆಯ ಮೇಲೆ ಆ ಪೋಸ್ಟರ್ ಬಂದಿತ್ತು.

ಪೋಸ್ಟರ್ ಅಂಟಿಸಿದವನು ಗ್ರೀಸಣ್ಣ. ದೊಡ್ಡ ತಟ್ಟೆಯ ಬೇರಿಂಗುಗಳಿಗೆ ಇಪ್ಪತ್ತಾರು ವರ್ಷ ಗ್ರೀಸು ಹಚ್ಚಿದ ಮೆಕ್ಯಾನಿಕ್, ನೌಕರರ ಸಂಘದ ಕಾರ್ಯದರ್ಶಿ. ಆ ನಿಲ್ದಾಣದಲ್ಲಿ ಆಕೆಯ ಎದುರಿಗೆ ಡಬ್ಬಿ ಬಿಚ್ಚಿ ಕೂರುತ್ತಿದ್ದ ಏಕೈಕ ಮನುಷ್ಯ. ಪೋಸ್ಟರಿನಲ್ಲಿ ಅಂಗೈಯಗಲದ ಹರಳಿನ ಚಿತ್ರ, ಅದರ ಕೆಳಗೆ ದಪ್ಪಕ್ಷರ: 'ಸರ್ಕಾರಿ ಕಾರ್ಖಾನೆಯ ಕೆಲಸ. ಮೂವತ್ತು ವರ್ಷ ಕೂದಲೆಳೆ ಕದಲಿಲ್ಲ!' ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ನಿಲ್ದಾಣದ ನಮೂನೆಗಳನ್ನೆಲ್ಲ ತರಿಸಿಕೊಂಡು, ನಾಲ್ಕನೆಯ ಕಾಲಮ್ಮನ್ನು ನೋಡಿ ಬೆರಗಾಗಿ, ಇಂಥ ಸ್ಥಿರವಾದ ಹರಳು ಇನ್ನೊಂದಿಲ್ಲ ಎಂದು ಲೇಖನ ಬರೆದಿದ್ದರು. ಅದು ಪತ್ರಿಕೆಗಳಲ್ಲಿ ಬಂದಿತ್ತು. ಸಂಘದ ಕೈಗೆ ಅದಕ್ಕಿಂತ ಒಳ್ಳೆಯ ಆಯುಧ ಸಿಕ್ಕಿರಲಿಲ್ಲ.

"ಏನಮ್ಮಾ ಇನ್ನೊಮ್ಮೆ, ಮುಖ ಯಾಕೆ ಹಂಗೆ?" ಎಂದ ಗ್ರೀಸಣ್ಣ ಆ ಮಧ್ಯಾಹ್ನ, ಡಬ್ಬಿಯ ಮುಚ್ಚಳದಲ್ಲಿ ಚಹಾ ಬಗ್ಗಿಸಿಕೊಡುತ್ತ. "ಏಳು ದಿನ ಆಯ್ತಲ್ಲ ಅಂತನಾ? ಅಜ್ಜಿ ಮುನಿಸ್ಕೊಂಡವ್ಳೆ. ಕಂಪನಿಯೋರ ಹತ್ರ ಮಾತಾಡಲ್ಲ ಅಂತ ಹಟ. ನಮ್ಮೋಳಲ್ವಾ, ಮರ್ಯಾದಸ್ತೆ!"

"ಅಣ್ಣಾ, ತಮಾಷೆ ಬೇಡ."

"ತಮಾಷೆ ಏನು ಬಂತು? ನಾಡಿದ್ದಲ್ಲ ಆಚೆ ನಾಡಿದ್ದು ಹನ್ನೊಂದು ಗಂಟೆಗೆ ಪಟ್ಟಣದಲ್ಲಿ ಖಾಸಗೀಕರಣ ಸಮಿತಿ ಮುಂದೆ ಇದನ್ನೇ ಹೇಳ್ತೀನಿ. ಸಾರ್, ಸರ್ಕಾರದ ಕೈಲಿ ಮೂವತ್ತು ವರ್ಷ ಬದುಕಿದ್ದು ಕಂಪನಿ ಕೈಲಿ ಮೂವತ್ತು ದಿನ ಬದುಕಲಿಲ್ಲ, ಇನ್ನೆರಡು ನಿಲ್ದಾಣನೂ ಕೊಡ್ತೀರಾ ಅಂತ." ಅವನು ದನಿ ತಗ್ಗಿಸಿದ. "ಆ ಎರಡರಲ್ಲಿ ನೂರಾ ಹತ್ತು ಜನ ಇದಾರೆ ಕಣಮ್ಮ. ನಾನು ನೀನು ಹೆಂಗೂ ಮನೆಗೆ ಹೋಗೋರು. ಅವರೆಲ್ಲಾ ಇನ್ನೂ ಮಕ್ಕಳು ಮರಿ ಮಾಡ್ಕೊಂಡಿರೋರು."

ಆಕೆ ಚಹಾ ಕುಡಿದಳು. ಹೇಳಬೇಕಾದ ಮಾತು ಬಿಸಿ ಚಹಾದ ಜೊತೆ ಒಳಗೇ ಇಳಿದುಹೋಯಿತು.

ಆಕೆ ಇದ್ದದ್ದು ತಮ್ಮನ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ. ಒಂದು ಮಂಚ, ಒಂದು ಮೇಜು, ಕಿಟಕಿಯಿಂದ ಎದುರು ಮನೆಯ ನೀರಿನ ತೊಟ್ಟಿ. ರಾತ್ರಿಯ ಊಟಕ್ಕೆ ಮಾತ್ರ ಕೆಳಗಿಳಿಯುತ್ತಿದ್ದಳು. ತಮ್ಮ ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವವನು. ಅವನ ಡಿಪೋ ಎರಡು ವರ್ಷಗಳ ಹಿಂದೆಯೇ ಖಾಸಗಿಯವರ ಪಾಲಾಗಿತ್ತು.

"ಬೇಜಾರು ಮಾಡ್ಕೋಬೇಡ ಅಕ್ಕ," ಎಂದ ಅವನು ಆ ಸಂಜೆ, ತಟ್ಟೆ ಎಳೆದುಕೊಳ್ಳುತ್ತ, "ಕಂಪನಿಯವರು ಬಂದ್ಮೇಲೇ ನಮ್ಮ ಡಿಪೋ ಡಿಪೋ ಥರ ಆಗಿದ್ದು. ಮುಂಚೆ ಬಸ್ಸು ಎಷ್ಟೊತ್ತಿಗೆ ಅಂತ ಜನ ಕೇಳಿದ್ರೆ ನಾನೇ ಆಕಾಶ ನೋಡ್ತಿದ್ದೆ."

"ಈಗ ಟೈಮಿಗೆ ಬರುತ್ತೆ, ಒಪ್ಪಿದೆ. ನಮ್ಮ ನಿಲ್ದಾಣದ ಮುಂದಿನ ಕೊನೇ ಸ್ಟಾಪಿಗೆ ಯಾಕೆ ಬರಲ್ಲ? ನಾನು ದಿನಾ ಎರಡು ಮೈಲಿ ನಡೀತೀನಿ."

"ಮಿಕ್ಕೋರೆಲ್ಲಾ ಅಲ್ಲೇ ಕ್ವಾರ್ಟರ್ಸಲ್ಲಿರ್ತಾರೆ, ಕೊನೇ ಸ್ಟಾಪಲ್ಲಿ ಇಳಿಯೋಳು ನೀನೊಬ್ಳೇ ಕಣಕ್ಕಾ!"

ತಮ್ಮನ ಹೆಂಡತಿ ಅವನ ಮೊಣಕೈ ತಿವಿದಳು. ಅವನು ನಗು ನಿಲ್ಲಿಸಿ, "ಒಬ್ಬಳಿಗೋಸ್ಕರ ಅಷ್ಟು ದೂರ ಬಸ್ ಓಡಿಸ್ಬೇಕು ಅಂದ್ರೆ ಅದಕ್ಕೆ ಸರ್ಕಾರಾನೇ ಬೇಕು. ಅದನ್ನ ನಾನು ಇಲ್ಲ ಅನ್ನಲ್ಲ," ಎಂದ. "ಆದ್ರೆ ಆವಾಗ ಆ ಬಸ್ಸು ಬಂದ್ರೆ ಬಂತು, ಇಲ್ದಿದ್ರೆ ಇಲ್ಲ. ಅದನ್ನೂ ಮರೀಬೇಡ."

ಆಕೆ ಮೇಲೆ ಬಂದು ಮೇಜಿನ ಮುಂದೆ ಕೂತು ಲೆಕ್ಕ ಹಾಕಿದಳು. ಹಳೆಯ ರಿಸೀವರಿನಲ್ಲಿ ಕೊನೆಯ ಸಲ ಹಿಡಿದಾಗ ಅಜ್ಜಿ ಅಚ್ಚಾದ ಸಂಖ್ಯೆಗಿಂತ ನಾಲ್ಕು ಸಾವಿರದ ಇನ್ನೂರ ಅರವತ್ತು ಕೆಳಗಿದ್ದಳು. ಈಗ ಎಲ್ಲಿರಬಹುದು? ಇದೇ ಚಾಳಿಯಲ್ಲಿ ಇನ್ನೂ ಇಳಿದಿರಬೇಕು. ಆದರೆ ಅವಳ ದಾರಿ ಈಗ ಸೂರ್ಯನ ಹತ್ತಿರದ ಮಗ್ಗುಲಿಗೆ ಬರುತ್ತಿತ್ತು. ಬಿಸಿಲು ತಾಗಿದರೆ ದನಿ ಸ್ವಲ್ಪ ಏರುವುದೂ ಉಂಟು. ನಿನ್ನೆಯದು ಗೊತ್ತಿದ್ದರೆ ಇವತ್ತಿನದನ್ನು ಕೈಯೇ ಹೇಳುತ್ತಿತ್ತು. ನಡುವೆ ಏಳು ದಿನ ಬಿಟ್ಟುಹೋಗಿ ಕೈಗೆ ಏನೂ ಹೊಳೆಯುತ್ತಿರಲಿಲ್ಲ. ತಡಮಾಡಿದಷ್ಟೂ ಅಜ್ಜಿ ತನ್ನ ಅಂದಾಜಿನಿಂದಲೂ ದೂರ ಸರಿಯುತ್ತಾಳೆ ಎಂಬುದು ಆಕೆಗೆ ಮೊದಲ ಸಲ ಹೊಳೆದು, ಕುರ್ಚಿಯಿಂದ ಎದ್ದು ನಿಂತಳು. ನಿಂತು ಮಾಡುವುದೇನೂ ಇರಲಿಲ್ಲ. ಮತ್ತೆ ಕೂತಳು.

ಎಂಟನೆಯ ದಿನದ ಸರದಿಯೂ ಖಾಲಿ ಹೋಯಿತು. ಮ್ಯಾನೇಜರ್ ಪರದೆ ಆರಿಸುವ ಮೊದಲು ಆಕೆ ಎದ್ದು ಬಂದು ಅವನ ಹಿಂದೆ ನಿಂತಳು.

"ಸಾರ್, ಒಂಚೂರು ಕೆಳಗೆ ಹುಡುಕಿ ನೋಡಬಹುದಾ?"

"ಎಷ್ಟು ಕೆಳಗೆ ಮೇಡಂ?"

"ಹಳೇ ನೌಕೆ ಅಲ್ವಾ. ಒಂದು ನಾಲ್ಕು ಸಾವಿರ..."

ಅವನು ಕುರ್ಚಿ ತಿರುಗಿಸಿದ. "ನಾಲ್ಕು ಸಾವಿರ? ದಾಖಲೆಯಲ್ಲಿ ಒಂದು ಹರ್ಟ್ಸೂ ಕದಲಿಲ್ವಲ್ಲ. ಪ್ರೊಫೆಸರ್ ಲೇಖನ ನಾನೂ ಓದಿದೀನಿ." ಅನುಮಾನದ ದನಿಯಲ್ಲ, ನಿಜವಾಗಿ ತಿಳಿಯಬೇಕೆಂಬ ದನಿ. "ನೋಡಿ, ಸಂಕೇತ ತುಂಬಾ ಸಣ್ಣದು. ಎಲ್ಲೆಂದರಲ್ಲಿ ಹುಡುಕಿದ್ರೆ ಒಂದು ಗಂಟೇಲಿ ಎಲ್ಲೂ ಸರಿಯಾಗಿ ಹುಡುಕಿದ ಹಾಗಾಗಲ್ಲ. ಒಪ್ಪಂದದಲ್ಲಿರೋ ಸಂಖ್ಯೆ ಬಿಟ್ಟು ಹುಡುಕೋಕೆ ನನಗೆ ಆಧಾರ ಬೇಕು. ನೀವು ಕಾರಣ ಬರೆದು, ಸಹಿ ಹಾಕಿ ಒಂದು ಪುಟ ಕೊಡಿ. ಒಂದು ಗಂಟೇಲಿ ಬದಲಾಯಿಸಿಕೊಡ್ತೀನಿ."

"ಒಂದು ಗಂಟೇಲಿ?"

"ಯಾಕೆ, ತಡ ಆಯ್ತಾ?"

ಆಕೆಗೆ ನಗು ಬಂದಂತಾಯಿತು, ಅಳುವೂ. ಒಂಬತ್ತು ವರ್ಷ ಯಾವ ಬಾಗಿಲನ್ನು ತಟ್ಟಿ ತಟ್ಟಿ ಸೋತಿದ್ದಳೋ ಅದಕ್ಕೆ ಇಲ್ಲಿ ಅಗಳಿಯನ್ನೇ ಹಾಕಿರಲಿಲ್ಲ. "ನೋಡ್ತೀನಿ ಸಾರ್," ಎಂದು ಹೇಳಿ ಹೊರಬಂದಳು. ಅಂದು ಸಂಜೆ ಪುಟ ಬರೆದಳು. ಓದಿ ಹರಿದಳು. ಮತ್ತೆ ಬರೆದಳು. ಕಾರಣ ಎಂಬ ಪದದ ಮುಂದೆ ಏನು ಬರೆದರೂ ಅದು ಒಂದೇ ವಾಕ್ಯಕ್ಕೆ ಬಂದು ನಿಲ್ಲುತ್ತಿತ್ತು: ನಾನು ಸುಳ್ಳು ದಾಖಲೆ ಮಾಡಿದ್ದೇನೆ.

ಒಂಬತ್ತನೆಯ ದಿನ ಬೆಳಗ್ಗೆ ಆಕೆ ಮೊದಲು ಹೋದದ್ದು ತಟ್ಟೆಯ ಕೆಳಗಿನ ಶೆಡ್ಡಿಗೆ. ಗ್ರೀಸಣ್ಣ ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. ಸಮಿತಿಯ ಮುಂದೆ ತೊಡಲು ಇಸ್ತ್ರಿ ಮಾಡಿಸಿದ ಅಂಗಿ ಗೋಡೆಯ ಮೊಳೆಗೆ ತೂಗುತ್ತಿತ್ತು.

"ಅಣ್ಣಾ, ಅಜ್ಜಿ ಬದುಕಿದ್ದಾಳೆ."

"ಬದುಕಿರಲಿ ಬಿಡು, ಯಾರು ಬೇಡ ಅಂದ್ರು?"

ಆಕೆ ಹೇಳಿದಳು. ನಾಬು, ಗಾಯದ ಪಟ್ಟಿ, ಕೆಂಪು ಶಾಯಿ, ಸರಿ ಗುರುತು, ಮ್ಯಾನೇಜರ್ ಕೇಳಿದ ಪುಟ. ಎಲ್ಲಿಯೂ ನಿಲ್ಲದೆ, ನಿಂತರೆ ಎಲ್ಲಿ ಮುಂದುವರಿಯಲಾರೆನೋ ಎಂಬ ಹೆದರಿಕೆಯಲ್ಲಿ. ಗ್ರೀಸಣ್ಣನ ಕೈ ಚಿಂದಿಯೊಳಗೇ ನಿಂತುಬಿಟ್ಟಿತು.

"ಹಂಗಾದ್ರೆ ಹರಳು ಕದಲಿದೆ."

"ನಾಲ್ಕು ಸಾವಿರ."

"ನನ್ನ ಪೋಸ್ಟರು ಸುಳ್ಳು."

"ಹೂಂ."

"ಆರು ತಿಂಗಳಿಂದ ಅದನ್ನ ಹಿಡ್ಕೊಂಡು ಊರೆಲ್ಲಾ ಸುತ್ತಿದೀನಿ. ದಿನಾ ನನ್ನೆದುರಿಗೆ ಕೂತು ಉಂಡೆ. ಒಂದು ಮಾತು ಬರಲಿಲ್ವಾ ನಿನ್ನ ಬಾಯಲ್ಲಿ?"

ಅವನು ಚಿಂದಿಯನ್ನು ಬಿಸಾಡಿ ಶೆಡ್ಡಿನ ಬಾಗಿಲ ತನಕ ಹೋಗಿ ವಾಪಸು ಬಂದ. ಬಂದಾಗ ದನಿ ತಣ್ಣಗಾಗಿತ್ತು. ಅದು ಬೈಗುಳಕ್ಕಿಂತ ಭಾರವಾಗಿತ್ತು.

"ಸರಿ. ಆಗಿದ್ದಾಯ್ತು. ನಾಳೆ ಹನ್ನೊಂದಕ್ಕೆ ನಾನು ಮಾತಾಡಿ ಮುಗಿಸ್ತೀನಿ. ಅಜ್ಜಿ ಸರದಿ ಎರಡು ಗಂಟೆಗೆ. ಒಂದು ಗಂಟೆಗೆ ನಿನ್ನ ಕಾಗದ ಕೊಡು. ಅಜ್ಜಿನೂ ಉಳೀತಾಳೆ, ಆ ನೂರಾ ಹತ್ತು ಜನಾನೂ ಉಳೀತಾರೆ. ಇವತ್ತೊಂದು ದಿನ ಸುಮ್ನಿರು. ಒಂಬತ್ತು ವರ್ಷ ಸುಮ್ನಿದ್ದೋಳಿಗೆ ಒಂದು ದಿನ ಹೆಚ್ಚಾ?"

ಆಕೆಗೆ ಅದು ನ್ಯಾಯವಾಗಿಯೇ ಕಂಡಿತು. ಅದೇ ಭಯ ಹುಟ್ಟಿಸಿತು. ಒಂಬತ್ತು ವರ್ಷ ಪ್ರತಿ ಮಧ್ಯಾಹ್ನವೂ ಇವತ್ತೊಂದು ದಿನ ಎಂದೇ ಅಲ್ಲವೆ ಗುರುತು ಹಾಕಿದ್ದು?

"ಒಂದೇ ಸರದಿ ಸಾಲಲ್ಲ ಅಣ್ಣಾ. ಎಲ್ಲಿದ್ದಾಳೆ ಅಂತ ನನಗೂ ಸರಿಯಾಗಿ ಗೊತ್ತಿಲ್ಲ. ಇವತ್ತು ಶುರು ಮಾಡಿದ್ರೇನೇ ನಾಳೆ ಸಿಕ್ಕರೆ ಸಿಕ್ಕಳು. ಮತ್ತೆ... ನೀವು ನಾಳೆ ಅದನ್ನ ಹೇಳಿದ್ರೆ, ಸುಳ್ಳು ಅಂತ ಗೊತ್ತಿದ್ದೂ ಹೇಳಿದ ಹಾಗಾಗುತ್ತೆ. ಇವತ್ತಿನ ತನಕ ಅದು ನನ್ನೊಬ್ಬಳದು."

"ದೊಡ್ಡ ಉಪಕಾರ ಮಾಡಿದೆ," ಎಂದ ಗ್ರೀಸಣ್ಣ. "ಹೋಗು. ಒಂದು ತಗಡಿನ ಡಬ್ಬಿಗೋಸ್ಕರ ನಮ್ಮನ್ನೆಲ್ಲಾ ಮಾರಿ ಬಾ."

ಹನ್ನೆರಡು ಗಂಟೆಗೆ ಆಕೆ ಮ್ಯಾನೇಜರನ ಮೇಜಿನ ಮೇಲೆ ಪುಟ ಇಟ್ಟಳು. ಅವನು ಓದಿದ. ಎರಡನೆಯ ಸಲ ಓದಿದ. "ಇದನ್ನ ನಾನು ಮೇಲಕ್ಕೆ ಕಳಿಸಲೇಬೇಕು ಮೇಡಂ, ಗೊತ್ತಲ್ಲ? ಸರ್ಕಾರಕ್ಕೂ ಒಂದು ಪ್ರತಿ ಹೋಗುತ್ತೆ."

"ಗೊತ್ತು ಸಾರ್. ಅದಕ್ಕೇ ಮೂರು ಪ್ರತಿ ಮಾಡಿದ್ದೀನಿ."

ಅಂದಿನ ಸರದಿಯಲ್ಲಿ ಆಕೆ ಹೇಳಿದ ಜಾಗದಲ್ಲಿ, ನಾಲ್ಕು ಸಾವಿರದ ಮುನ್ನೂರರ ಆಚೀಚೆ ನೂರರೊಳಗೆ, ಒಂದು ಗಂಟೆ ಹುಡುಕಿದರು. ಪರದೆಯ ಮೇಲೆ ಬರಿಯ ಹುಲ್ಲಿನಂಥ ಗದ್ದಲ. ಏನೂ ಇಲ್ಲ. ಮ್ಯಾನೇಜರ್ ಪರದೆ ಆರಿಸಿದ. ಇದ್ದ ಒಂದೇ ಹೆಸರನ್ನು ಕಳೆದುಕೊಂಡು, ಒಬ್ಬನೇ ಸ್ನೇಹಿತನನ್ನು ಕಳೆದುಕೊಂಡು, ಕೊನೆಗೆ ಹೇಳಿದ ಸಂಖ್ಯೆಯೂ ತಪ್ಪು. ಸಂಜೆ ಬಸ್ಸಿನ ಕಿಟಕಿಯ ಪಕ್ಕ ಕೂತು, ಬಹುಶಃ ಅಜ್ಜಿ ನಿಜವಾಗಿಯೂ ಸತ್ತಿರಬಹುದು, ತಾನು ಹೆಣವೊಂದಕ್ಕಾಗಿ ಇಷ್ಟೆಲ್ಲ ಮಾಡಿರಬಹುದು ಎಂದುಕೊಂಡಳು.

ಹತ್ತನೆಯ ದಿನ ಎರಡು ಗಂಟೆಗೆ ಮ್ಯಾನೇಜರ್ ಆಕೆಯ ಸಂಖ್ಯೆಯನ್ನು ಪಕ್ಕಕ್ಕಿಟ್ಟ. "ನಿಮ್ಮ ಪುಟದಲ್ಲಿ ನನಗೆ ಮುಖ್ಯ ಅನಿಸಿದ್ದು ಸಂಖ್ಯೆ ಅಲ್ಲ, ದಿಕ್ಕು," ಎಂದ. "ಕೆಳಗಿದ್ದಾಳೆ ಅಂತ ಗೊತ್ತಾಯ್ತಲ್ಲ, ಸಾಕು. ರಾತ್ರಿ ನಮ್ಮ ಹುಡುಗರು ಒಂದು ಪ್ರೋಗ್ರಾಂ ಬರೆದಿದ್ದಾರೆ. ಮೂರೂವರೆ ಸಾವಿರದಿಂದ ನಾಲ್ಕೂವರೆ ಸಾವಿರದ ತನಕ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತೆ. ಸಾಲದೆ ಬಂದ್ರೆ ನಾಳೆ ಅನ್ನೋದು ಇಲ್ಲ, ಆದ್ರೆ ನೋಡೋಣ." ಅವನು ಮೊದಲ ಸಲ ಅಜ್ಜಿಯನ್ನು 'ಇದೆ' ಎನ್ನದೆ 'ಇದ್ದಾಳೆ' ಎಂದದ್ದನ್ನು ಆಕೆ ಗಮನಿಸಿದಳು.

ಕಾಲು ಗಂಟೆ ಹೋಯಿತು. ಅರ್ಧ ಗಂಟೆ ಹೋಯಿತು. ಪರದೆಯ ಮೇಲಿನ ಅಂಕಿ ಒಂದೊಂದೇ ಮೆಟ್ಟಿಲು ಇಳಿಯಿತು. ನಲವತ್ತೊಂದನೆಯ ನಿಮಿಷದಲ್ಲಿ ಆ ಹುಲ್ಲಿನ ನಡುವೆ ಒಂದು ಕಡ್ಡಿ ನೆಟ್ಟಗೆ ಎದ್ದು ನಿಂತಿತು.

"ಅದು ಗದ್ದಲ ಇರಬಹುದು," ಎಂದಳು ಆಕೆ.

ಕಡ್ಡಿ ಹಾಗೆಯೇ ನಿಂತಿತು. ಅದರ ಬೆನ್ನಿಗೆ ಅಳತೆಗಳು ಬಂದವು: ಒಳಗಿನ ತಾಪ, ಬ್ಯಾಟರಿಯ ಮಟ್ಟ. ನಾಲ್ಕು ಸಾವಿರದ ನೂರಾ ಹದಿನೆಂಟು. ಬಿಸಿಲು ತಾಗಿ ದನಿ ಏರಿತ್ತು. ಮ್ಯಾನೇಜರ್ ಚಪ್ಪಾಳೆ ತಟ್ಟಿ, ಪಕ್ಕದ ಕೋಣೆಯವರನ್ನು ಕೂಗಿ ಕರೆದ. ಜನ ಬಂದು ಪರದೆಯ ಸುತ್ತ ನೆರೆದರು. ಆಕೆಗೆ ಈಗ ಪರದೆ ಕಾಣುತ್ತಿರಲಿಲ್ಲ, ಬೆನ್ನುಗಳಷ್ಟೇ ಕಾಣುತ್ತಿದ್ದವು.

"ಇನ್ಮೇಲೆ ಚಿಂತೆ ಇಲ್ಲ ಮೇಡಂ," ಎಂದ ಮ್ಯಾನೇಜರ್ ಅವರ ನಡುವಿನಿಂದ. "ಪ್ರೋಗ್ರಾಂ ತಾನೇ ಹಿಂಬಾಲಿಸುತ್ತೆ. ಎಷ್ಟು ಕದಲಿದ್ರೂ ಬಿಡಲ್ಲ. ಯಾರೂ ಕೂತು ಕಾಯಬೇಕಾಗಿಲ್ಲ."

ಆಕೆ ತಲೆಯಾಡಿಸಿದಳು. ಅದು ಒಳ್ಳೆಯ ಸುದ್ದಿಯೇ. ಒಳ್ಳೆಯ ಸುದ್ದಿ ಕೇಳಿದವರ ಹಾಗೆ ಮುಖ ಮಾಡಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಗ್ರೀಸಣ್ಣ ನಾಲ್ಕು ಗಂಟೆಗೆ ಪಟ್ಟಣದಿಂದ ಹಿಂತಿರುಗಿದ. ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿತ್ತು. ಸುರುಳಿ ಸುತ್ತಿದ ಪೋಸ್ಟರ್ ಕಂಕುಳಲ್ಲಿತ್ತು.

"ತೋರಿಸಲಿಲ್ಲ," ಎಂದ, ಆಕೆಯ ಮುಖ ನೋಡದೆ. "ಬಿಚ್ಚಕ್ಕೆ ಹೋದೆ, ಕೈ ಬರಲಿಲ್ಲ. ಅದೊಂದು ಬಿಟ್ರೆ ಹೇಳಕ್ಕೆ ನನ್ನ ಹತ್ರ ಇನ್ನೇನಿತ್ತು? ಎರಡು ನಿಮಿಷ ತೊದಲಿ ಕೂತೆ. ಎರಡೂ ನಿಲ್ದಾಣ ಕೊಡ್ತಾರಂತೆ."

"ಅಣ್ಣಾ, ಅಜ್ಜಿ ಸಿಕ್ಕಳು."

ಅವನು ನಿಂತ. "ಸಿಕ್ಕಳಾ?" ಎಂದು ಕೇಳುವಾಗ ಅವನ ಮುಖದಲ್ಲಿ ಒಂದು ಕ್ಷಣ ಹಳೆಯ ಗ್ರೀಸಣ್ಣ ಇಣುಕಿದ. "ಒಳ್ಳೇದಾಯ್ತು," ಎಂದು ಹೇಳಿ ಶೆಡ್ಡಿನ ಕಡೆ ನಡೆದ. ಮರುದಿನ ಅವನು ಡಬ್ಬಿಯನ್ನು ಶೆಡ್ಡಿನಲ್ಲೇ ಬಿಚ್ಚಿದ. ಅದರ ಮರುದಿನವೂ.

ವಿಚಾರಣೆಯ ಪತ್ರ ಎರಡನೆಯ ವಾರ ಬಂತು. ಸರ್ಕಾರ ಆಕೆಯನ್ನು ಕೆಲಸದಿಂದ ತೆಗೆಯಲಿಲ್ಲ. ನಿವೃತ್ತಿಗೆ ಉಳಿದ ದಿನಗಳಲ್ಲಿ ಒಂದು ಕೆಲಸ ವಹಿಸಿತು. ಒಂಬತ್ತು ವರ್ಷದ ಪ್ರತಿ ನಮೂನೆಯ ಎದುರೂ ಆ ದಿನದ ನಿಜವಾದ ಸಂಖ್ಯೆಯನ್ನು ಬರೆಯಬೇಕು. ನೆನಪಿಲ್ಲದಿದ್ದರೆ ನೆನಪಿಲ್ಲವೆಂದು ಬರೆಯಬೇಕು. ನೆನಪಿದ್ದರೆ, ಹೇಗೆ ನೆನಪಿದೆ ಎಂಬ ಕಾರಣವನ್ನೂ ಬರೆದು ಸಹಿ ಹಾಕಬೇಕು. ಪ್ರಾಧ್ಯಾಪಕರು ತಮ್ಮ ಲೇಖನವನ್ನು ಹಿಂತೆಗೆದುಕೊಂಡು, ನಂಬಲರ್ಹವಾದ ನಾಲ್ಕು ಸಂಖ್ಯೆ ಸಿಕ್ಕರೂ ಸಾಕು ಎಂದು ಕೇಳಿದ್ದರಂತೆ.

ದಾಖಲೆ ಕೋಣೆಗೆ ಕಿಟಕಿ ಇರಲಿಲ್ಲ. ಕಬ್ಬಿಣದ ಕಪಾಟುಗಳ ನಡುವೆ ಒಂದು ಮೇಜು, ಒಂದು ದೀಪ. ಆಕೆ ಮೊದಲ ವರ್ಷದ ಕಟ್ಟು ಬಿಚ್ಚಿದಳು. ಸಂಖ್ಯೆಗಳನ್ನು ಊಹಿಸಿ ಬರೆಯುವುದು ಕಷ್ಟವಿರಲಿಲ್ಲ. ದಿನಕ್ಕೆ ಒಂದೆರಡರಂತೆ ಇಳಿಸುತ್ತ ಹೋದರೆ ಯಾರಿಗೂ ತಿಳಿಯುತ್ತಿರಲಿಲ್ಲ, ನೋಡಲೂ ಅಂದವಾಗಿರುತ್ತಿತ್ತು. ಆಕೆ ಬರೆದಳು: ನೆನಪಿಲ್ಲ. ಕೆಳಗಿನ ಸಾಲಿನಲ್ಲಿ: ನೆನಪಿಲ್ಲ. ಅದರ ಕೆಳಗೆ: ನೆನಪಿಲ್ಲ. ಮೊದಲ ದಿನ ಮುನ್ನೂರ ಇಪ್ಪತ್ತು ಸಲ ಬರೆದಳು.

ನಡುವೆ ಎಲ್ಲೋ ಒಂದು ಸಾಲು ಎದ್ದು ಬರುತ್ತಿತ್ತು. ಎರಡನೆಯ ವರ್ಷ, ಆರುನೂರ ಎಪ್ಪತ್ತೆರಡು. ಕಾರಣ: ಅಂದು ಬೆಳಗ್ಗೆ ತಾಯಿ ತೀರಿಕೊಂಡರು, ಸರದಿ ಮುಗಿಸಿ ಮನೆಗೆ ಹೋದೆ. ಮೂರನೆಯ ವರ್ಷ, ಸಾವಿರದ ನೂರು, 'ಸರಿಯಾಗಿ ಸಾವಿರದ ನೂರು' ಎಂದು ತಾನೇ ಬೆರಗಾಗಿದ್ದ ದಿನ. ಕಾರಣ: ತಮ್ಮನಿಗೆ ಮಗಳು ಹುಟ್ಟಿದ ಸುದ್ದಿ ಫೋನಿನಲ್ಲಿ ಬಂದಾಗ ನಾಬ್ ಕೈಯಲ್ಲಿತ್ತು. ಐದನೆಯ ವರ್ಷ, ಎರಡು ಸಾವಿರದ ಇನ್ನೂರ ಮೂವತ್ತೊಂದು. ಕಾರಣ: ನಾಲ್ಕನೆಯ ಜ್ಞಾಪನಾಪತ್ರ ಕಳಿಸಿದ ದಿನ; ಪತ್ರದಲ್ಲಿ ಈ ಸಂಖ್ಯೆಯನ್ನು ಬರೆದಿದ್ದೆ.

ಏಳನೆಯ ವರ್ಷದ ಕಟ್ಟಿನಲ್ಲಿ ಇನ್ನೊಂದು ಸಾಲು. ಮೂರು ಸಾವಿರದ ಮುನ್ನೂರ ಹದಿನಾಲ್ಕು. ಸಂಖ್ಯೆಯನ್ನು ತಕ್ಷಣ ಬರೆದಳು, ಅದರಲ್ಲಿ ಸಂಶಯವಿರಲಿಲ್ಲ. ಕಾರಣದ ಜಾಗದಲ್ಲಿ ಪೆನ್ನು ನಿಂತಿತು. 'ವೈಯಕ್ತಿಕ' ಎಂದು ಬರೆದಳು. ಸ್ವಲ್ಪ ಹೊತ್ತು ನೋಡಿದಳು. ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ; ತಿಳಿಯದ ಕಾರಣದ ಮೇಲೆ ಯಾರಾದರೂ ಸಂಖ್ಯೆಯನ್ನು ನಂಬುವುದು ಹೇಗೆ? ಅದನ್ನು ಒಂದೇ ಗೆರೆಯಲ್ಲಿ, ಕೆಳಗಿನ ಅಕ್ಷರ ಕಾಣುವಂತೆ ಹೊಡೆದು, ಪಕ್ಕದಲ್ಲಿ ಬರೆದಳು:

'ಅಂದು ನನ್ನ ಹುಟ್ಟಿದ ದಿನ, ಭಾನುವಾರ; ತಮ್ಮನ ಮನೆಯವರು ಊರಲ್ಲಿರಲಿಲ್ಲ. ಆ ದಿನ ನನಗೆ ಕೇಳಿಸಿದ ದನಿ ಇದೊಂದೇ.'

ಸಹಿ ಹಾಕಿ, ತಾರೀಖು ಬರೆದು, ಶಾಯಿ ಆರುವ ತನಕ ಕಾದು, ಕೆಳಗಿನ ಸಾಲಿಗೆ ಇಳಿದಳು. ನೆನಪಿಲ್ಲ.